ಇಂಗ್ಲಿಷ್ ಪ್ರಶ್ನೋತ್ತರ: ಪುಟ್ಟ ಪದಗಳ ದೊಡ್ಡ ಕಿತಾಪತಿ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ ಪುಟ್ಟ ಪದ ಸೇರಿ ಹೊಸ ಅರ್ಥ ಕೊಡುವ ಜೋಡಿ) ಮತ್ತು ನುಡಿಗಟ್ಟುಗಳನ್ನು ಕುರಿತವು. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಂದು ಪ್ರಶ್ನೆಯಾಗಿ ಸೇರಿಸಿಕೊಂಡಿದ್ದೇವೆ.

ಪ್ರಶ್ನೆ: 'ಗಿವ್' ಅಂದರೆ ಕೊಡು, 'ಅಪ್' ಅಂದರೆ ಮೇಲೆ. ಎರಡೂ ಸೇರಿದರೆ 'ಕೈಬಿಡು' ಹೇಗಾಗುತ್ತದೆ? ಇದಕ್ಕೆ ಏನಾದರೂ ತರ್ಕ ಇದೆಯೋ, ಬಾಯಿಪಾಠವೇ ಗತಿಯೋ?

ಉತ್ತರ: ಅರ್ಧ ತರ್ಕ, ಅರ್ಧ ಬಾಯಿಪಾಠ. ತರ್ಕದ ಅರ್ಧವನ್ನು ಯಾರೂ ಹೇಳಿಕೊಡದೆ ಇಡೀ ಪಟ್ಟಿಯನ್ನು ಉರು ಹೊಡೆಸುವುದರಿಂದಲೇ ಇದು ಕಬ್ಬಿಣದ ಕಡಲೆಯಾಗಿರುವುದು.

ಮೊದಲು ನಮ್ಮ ಮಾತನ್ನೇ ಗಮನಿಸಿ. 'ತಿಂದ', 'ತಿಂದುಬಿಟ್ಟ', 'ತಿಂದುಹಾಕಿದ', 'ತಿಂದುನೋಡಿದ'. 'ತಿಂದುಬಿಟ್ಟ' ಎಂದಾಗ ಅವನು ಏನನ್ನೂ ಬಿಟ್ಟಿಲ್ಲ. 'ತಿಂದುನೋಡಿದ' ಎಂಬಲ್ಲಿ ಕಣ್ಣಿಗೆ ಕೆಲಸವಿಲ್ಲ. ಎರಡನೆಯ ಪದ ತನ್ನ ಸ್ವಂತ ಅರ್ಥ ಕಳಚಿಟ್ಟು, ಕೆಲಸ ಪೂರ್ತಿಯಾಯಿತು ಅಥವಾ ಪರೀಕ್ಷೆಗೆಂದು ಮಾಡಿದ್ದಾಯಿತು ಎಂಬ ಛಾಯೆಯನ್ನಷ್ಟೇ ಕೊಡುತ್ತದೆ. ಇಂಗ್ಲಿಷ್ ಇದೇ ಕೆಲಸವನ್ನು 'ಅಪ್', 'ಔಟ್', 'ಆಫ್', 'ಆನ್' ಮುಂತಾದ ಪುಟ್ಟ ಪದಗಳಿಂದ ಮಾಡಿಸುತ್ತದೆ. ವ್ಯಾಕರಣದವರು ಇವನ್ನು ಪಾರ್ಟಿಕಲ್ ಎನ್ನುತ್ತಾರೆ. ಹಾಗಾಗಿ ಕ್ರಿಯಾಪದಕ್ಕಿಂತ ಪಾರ್ಟಿಕಲ್ ಕಡೆ ಹೆಚ್ಚು ಗಮನ ಕೊಡಿ.

'ಅಪ್' ಮುಖ್ಯವಾಗಿ ಮೂರು ಕೆಲಸ ಮಾಡುತ್ತದೆ. ಒಂದು, ಪೂರ್ತಿ ಮುಗಿಸುವುದು: 'ಈಟ್ ಅಪ್' ಅಂದರೆ ತಿಂದುಬಿಡು, 'ಯೂಸ್ ಅಪ್' ಅಂದರೆ ಬಳಸಿ ಖಾಲಿ ಮಾಡು, 'ಟೇರ್ ಅಪ್' ಅಂದರೆ ಹರಿದುಹಾಕು. ಇನ್ನೊಂದು, ಹೆಚ್ಚಾಗುವುದು: 'ಸ್ಪೀಡ್ ಅಪ್', 'ಸ್ಪೀಕ್ ಅಪ್'. ಮತ್ತೊಂದು, ಕಾಣಿಸಿಕೊಳ್ಳುವುದು: 'ಟರ್ನ್ ಅಪ್', 'ಶೋ ಅಪ್'. ನಿಮ್ಮ 'ಗಿವ್ ಅಪ್' ಮೊದಲ ಗುಂಪಿನದು ಎಂದುಕೊಳ್ಳಿ. ಕೈಯಲ್ಲಿದ್ದುದನ್ನು ಪೂರ್ತಿ ಕೊಟ್ಟುಬಿಡುವುದು. ಅಲ್ಲಿಂದ ಶರಣಾಗುವುದು, ಪ್ರಯತ್ನ ಕೈಬಿಡುವುದು, ಚಟ ಬಿಡುವುದು.

'ಔಟ್' ಬಂದಾಗ ಒಳಗಿದ್ದದ್ದು ಹೊರಬಿದ್ದು ತಿಳಿಯುತ್ತದೆ ('ಫೈಂಡ್ ಔಟ್', 'ವರ್ಕ್ ಔಟ್'), ಇಲ್ಲವೇ ಇದ್ದದ್ದು ಖಾಲಿಯಾಗುತ್ತದೆ ('ರನ್ ಔಟ್', 'ಸೆಲ್ ಔಟ್'). 'ಆನ್' ಎಂದರೆ ನಿಲ್ಲಿಸದೆ ಮುಂದುವರಿಸು: 'ಕ್ಯಾರಿ ಆನ್', 'ರೀಡ್ ಆನ್'. 'ಓವರ್' ಬಂದರೆ ಮತ್ತೊಮ್ಮೆ ಕಣ್ಣಾಡಿಸುವುದೋ ವಿವೇಚಿಸುವುದೋ ಇರುತ್ತದೆ: 'ಗೋ ಓವರ್', 'ಥಿಂಕ್ ಓವರ್'. 'ಥ್ರೂ' ಆದಿಯಿಂದ ಅಂತ್ಯದವರೆಗೆ ಕರೆದೊಯ್ಯುತ್ತದೆ. 'ಡೌನ್' ತಗ್ಗಿಸುತ್ತದೆ, ನಿಲ್ಲಿಸುತ್ತದೆ, ಅಥವಾ ಕಾಗದಕ್ಕೆ ಇಳಿಸುತ್ತದೆ: 'ಸ್ಲೋ ಡೌನ್', 'ಶಟ್ ಡೌನ್', 'ರೈಟ್ ಡೌನ್'.

ಈ ಕೀಲಿ ಎಲ್ಲ ಬೀಗಕ್ಕೂ ಹೊಂದುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಕಾಗದ 'ಬರ್ನ್ ಅಪ್' ಆಗುತ್ತದೆ, ಮನೆ 'ಬರ್ನ್ ಡೌನ್' ಆಗುತ್ತದೆ. ಎರಡೂ ಸುಟ್ಟು ಬೂದಿಯೇ. ಅರ್ಜಿಯನ್ನು ಬ್ರಿಟಿಷರು ಹೆಚ್ಚಾಗಿ 'ಫಿಲ್ ಇನ್' ಮಾಡುತ್ತಾರೆ, ಅಮೆರಿಕನ್ನರು 'ಫಿಲ್ ಔಟ್' ಮಾಡುತ್ತಾರೆ; ತುಂಬುವುದು ಅದೇ ಅರ್ಜಿ. 'ಆಫ್' ಅಂತೂ ಮಹಾ ತರಲೆ. 'ದ ಲೈಟ್ಸ್ ವೆಂಟ್ ಆಫ್' ಎಂದರೆ ದೀಪ ಆರಿತು, 'ದ ಅಲಾರಂ ವೆಂಟ್ ಆಫ್' ಎಂದರೆ ಅಲಾರಂ ಹೊಡೆಯಿತು, 'ದ ಬಾಂಬ್ ವೆಂಟ್ ಆಫ್' ಎಂದರೆ ಸಿಡಿಯಿತು, ಬ್ರಿಟಿಷರ ಬಾಯಲ್ಲಿ 'ದ ಮಿಲ್ಕ್ ವೆಂಟ್ ಆಫ್' ಎಂದರೆ ಹಾಲು ಕೆಟ್ಟಿತು. ಇಲ್ಲಿ ಬಾಯಿಪಾಠದ ಅರ್ಧ ಶುರು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ, ಪರಭಾಷಿಕರಿಗೆ ಅತ್ಯಂತ ಕಷ್ಟ ಕೊಡುವುದು ಕ್ರಿಯಾಪದದ ನಂತರ ಪುಟ್ಟ ಪದ ಸೇರಿಸುವ ಈ ಪದ್ಧತಿ ಎಂದು ಬರೆದಿದ್ದಾರೆ. ಕಷ್ಟಪಡುತ್ತಿರುವುದು ನೀವೊಬ್ಬರೇ ಅಲ್ಲ.

ಪ್ರಶ್ನೆ: 'ಟರ್ನ್ ಆಫ್ ದ ಲೈಟ್', 'ಟರ್ನ್ ದ ಲೈಟ್ ಆಫ್' ಎರಡೂ ಸರಿಯಂತೆ. 'ಟರ್ನ್ ಇಟ್ ಆಫ್' ಸರಿ, ಆದರೆ 'ಟರ್ನ್ ಆಫ್ ಇಟ್' ತಪ್ಪಂತೆ. ಅದೇ 'ಲುಕ್ ಆಫ್ಟರ್ ಇಟ್' ಸರಿ, 'ಲುಕ್ ಇಟ್ ಆಫ್ಟರ್' ತಪ್ಪು. ಯಾವುದನ್ನು ಒಡೆಯಬಹುದು, ಯಾವುದನ್ನು ಒಡೆಯಬಾರದು ಎಂದು ತಿಳಿಯುವುದು ಹೇಗೆ?

ಉತ್ತರ: ನೋಡಲು ಒಂದೇ ಥರ ಇರುವ ಎರಡು ಜಾತಿಗಳು ಇಲ್ಲಿ ಕಲೆತಿವೆ. ಒಂದರಲ್ಲಿ ಪುಟ್ಟ ಪದ ಕ್ರಿಯಾಪದಕ್ಕೆ ಸೇರಿದ್ದು. ಇನ್ನೊಂದರಲ್ಲಿ ಅದು ಮುಂದಿನ ನಾಮಪದಕ್ಕೆ ಸೇರಿದ್ದು, ನಮ್ಮ ವಿಭಕ್ತಿ ಪ್ರತ್ಯಯದ ಹಾಗೆ, ಅಂದರೆ ಪ್ರಿಪೋಸಿಷನ್. ಈ ಎರಡು ವಾಕ್ಯ ನೋಡಿ:

'ಹಿ ರ‍್ಯಾನ್ ಅಪ್ ಎ ಹಿಲ್.' (ಗುಡ್ಡ ಹತ್ತಿ ಓಡಿದ.)
'ಹಿ ರ‍್ಯಾನ್ ಅಪ್ ಎ ಬಿಲ್.' (ಬಾಕಿ ಬೆಳೆಸಿಕೊಂಡ.)

ಮೊದಲನೆಯದರಲ್ಲಿ 'ಅಪ್ ಎ ಹಿಲ್' ಒಂದು ಗಂಟು. ಹಾಗಾಗಿ 'ಅಪ್ ದ ಹಿಲ್ ಹಿ ರ‍್ಯಾನ್' ಎಂದು ಗಂಟನ್ನು ಮುಂದಕ್ಕೆ ತರಬಹುದು. ಎರಡನೆಯದರಲ್ಲಿ 'ರ‍್ಯಾನ್ ಅಪ್' ಒಂದು ಗಂಟು. 'ಅಪ್ ದ ಬಿಲ್ ಹಿ ರ‍್ಯಾನ್' ಎಂದು ಯಾರೂ ಹೇಳುವುದಿಲ್ಲ. ಸರ್ವನಾಮ ಹಾಕಿದರೆ ಭೇದ ಇನ್ನೂ ಸ್ಪಷ್ಟ: ಗುಡ್ಡವಾದರೆ 'ರ‍್ಯಾನ್ ಅಪ್ ಇಟ್', ಬಾಕಿಯಾದರೆ 'ರ‍್ಯಾನ್ ಇಟ್ ಅಪ್'.

ಇನ್ನೊಂದು ಪರೀಕ್ಷೆ, ನಡುವೆ ಕ್ರಿಯಾವಿಶೇಷಣ ತೂರಿಸಿ ನೋಡುವುದು. 'ಹಿ ಲುಕ್ಡ್ ಕೇರ್‌ಫುಲಿ ಅಟ್ ದ ಮ್ಯಾಪ್' ಸಲೀಸು. 'ಹಿ ಟರ್ನ್ಡ್ ಕ್ವಿಕ್ಲಿ ಆಫ್ ದ ಲೈಟ್' ಕಿವಿಗೆ ಕಲ್ಲು ಸಿಕ್ಕಿದಂತೆ. ತೂರಿದರೆ ಪ್ರಿಪೋಸಿಷನ್, ತೂರದಿದ್ದರೆ ಪಾರ್ಟಿಕಲ್.

ಕೇಳುವಾಗ ಒತ್ತು ಸಹಾಯಕ್ಕೆ ಬರುತ್ತದೆ. 'ಟರ್ನ್ ಇಟ್ ಆಫ್' ಎನ್ನುವಾಗ ದನಿ 'ಆಫ್' ಮೇಲೆ ಏರುತ್ತದೆ. 'ಲುಕ್ ಅಟ್ ಇಟ್' ಎನ್ನುವಾಗ 'ಲುಕ್' ಮೇಲೆ ಏರಿ, 'ಅಟ್' ನುಂಗಿಹೋಗುತ್ತದೆ. ಆದರೆ 'ಆಫ್ಟರ್', 'ಇಂಟು' ಥರದ ಎರಡಕ್ಷರದ ಪದಗಳಲ್ಲಿ ಈ ಪರೀಕ್ಷೆಯನ್ನು ನೆಚ್ಚಬೇಡಿ. ಪ್ರಿಪೋಸಿಷನ್ ಆಗಿದ್ದರೂ ಅವಕ್ಕೆ ಸ್ವಲ್ಪ ಒತ್ತು ಸಿಕ್ಕುತ್ತದೆ.

ಒಡೆಯಬಹುದಾದ ಜಾತಿಯಲ್ಲಿ ಸರ್ವನಾಮ ಕಡ್ಡಾಯವಾಗಿ ನಡುವೆ. ಚಿಕ್ಕ ನಾಮಪದ ನಡುವೆಯೂ ಸರಿ, ಕೊನೆಗೂ ಸರಿ. ಉದ್ದನೆಯ ಕರ್ಮಪದ ಇದ್ದರೆ ಕೊನೆಗೆ ಹಾಕಿ. 'ಟರ್ನ್ಡ್' ಎಂದು ಶುರುಮಾಡಿ ಹತ್ತು ಪದ ಕಳೆದ ಮೇಲೆ 'ಡೌನ್' ಎಂದರೆ, ಕೇಳುವವರು ಆ ಹೊತ್ತಿಗೆ ಕ್ರಿಯಾಪದವನ್ನೇ ಮರೆತಿರುತ್ತಾರೆ. 'ಟೆಲ್ ಅಪಾರ್ಟ್' (ಇಬ್ಬರಲ್ಲಿ ಯಾರು ಯಾರೆಂದು ಗುರುತಿಸು) ಮಾತ್ರ ಸಾಮಾನ್ಯವಾಗಿ ಒಡೆದೇ ಬರುತ್ತದೆ: 'ಐ ಕಾಂಟ್ ಟೆಲ್ ದ ಟ್ವಿನ್ಸ್ ಅಪಾರ್ಟ್.' 'ಪುಟ್ ಅಪ್ ವಿತ್', 'ರನ್ ಔಟ್ ಆಫ್' ಥರದ ಮೂರು ಪದದವನ್ನು ಒಡೆಯುವಂತಿಲ್ಲ. 'ಪುಟ್ ಡೌನ್ ಟು' (ಇಂಥದ್ದೇ ಕಾರಣ ಎನ್ನು) ಒಂದು ಅಪವಾದ: 'ಐ ಪುಟ್ ಇಟ್ ಡೌನ್ ಟು ಬ್ಯಾಡ್ ಲಕ್.'

ಇಷ್ಟೆಲ್ಲ ಪರೀಕ್ಷೆ ಬೇಡವೆಂದರೆ, ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ತೆರೆಯಿರಿ. ಕ್ರಿಯಾಪದದ ನಮೂದಿನ ಕೊನೆಯಲ್ಲಿ ಫ್ರೇಸಲ್ ವರ್ಬ್‌ಗಳು ಪ್ರತ್ಯೇಕವಾಗಿರುತ್ತವೆ. 'ಸಮ್‌ಥಿಂಗ್' ಅಥವಾ 'ಸಮ್‌ಬಡಿ' ಎಂಬುದರ ಸಂಕ್ಷೇಪ ಎಲ್ಲಿದೆ ನೋಡಿ. 'ಪುಟ್' ಮತ್ತು 'ಆಫ್' ನಡುವೆ ಇದ್ದರೆ ಒಡೆಯಬಹುದು. 'ಲುಕ್ ಆಫ್ಟರ್' ಆದಮೇಲೆ ಇದ್ದರೆ ಒಡೆಯಬಾರದು. ಕೆಲವು ನಿಘಂಟುಗಳು ಎರಡೂ ಬದಿಗೆ ಮೊನೆಯಿರುವ ಬಾಣ ಹಾಕಿರುತ್ತವೆ. ಕರ್ಮಪದ ಆಚೆಗೂ ಈಚೆಗೂ ಹೋಗಬಲ್ಲದು ಎಂದು ಅದರರ್ಥ. ವರ್ಷಗಟ್ಟಲೆ ನಿಘಂಟು ಬಳಸಿದವರೂ ಈ ಗುರುತನ್ನು ನೋಡಿಯೂ ನೋಡದಂತೆ ದಾಟಿಬಿಡುತ್ತಾರೆ.

ಪ್ರಶ್ನೆ: ಕಚೇರಿಯ ಇ-ಮೇಲ್‌ನಲ್ಲಿ 'ದ ಮೀಟಿಂಗ್ ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್ ಬೈ ಟೂ ಡೇಸ್' ಎಂದಿತ್ತು. ಸಭೆ ಎರಡು ದಿನ ಮುಂದಕ್ಕೆ ಹೋಯಿತೆಂದು ನಾನು ತಿಳಿದೆ. ಸಹೋದ್ಯೋಗಿಗಳು ಹಿಂದಕ್ಕೆ ಬಂದಿದೆ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಸಹೋದ್ಯೋಗಿಗಳು ಸರಿ. ಸಭೆ ಎರಡು ದಿನ ಮೊದಲೇ ನಡೆಯುತ್ತದೆ. ಕನ್ನಡದಲ್ಲಿ 'ಮುಂದಕ್ಕೆ ಹಾಕು', 'ಮುಂದೂಡು' ಎಂದರೆ ತಡಮಾಡುವುದು. ಇಂಗ್ಲಿಷಿನ 'ಬ್ರಿಂಗ್ ಫಾರ್ವರ್ಡ್' ಇದಕ್ಕೆ ಪೂರಾ ಉಲ್ಟಾ: ದೂರದಲ್ಲಿದ್ದ ದಿನವನ್ನು ನಮ್ಮ ಹತ್ತಿರಕ್ಕೆ ಎಳೆದುಕೊಳ್ಳುವುದು. 'ಪುಶ್ ಬ್ಯಾಕ್', 'ಪುಟ್ ಬ್ಯಾಕ್', 'ಪುಟ್ ಆಫ್' ಇವು ತಡಮಾಡುವ ಕ್ರಿಯೆಗಳು. ಅಮೆರಿಕನ್ನರ 'ಮೂವ್ ಅಪ್' ಸಹ ಬೇಗ ಮಾಡುವುದೇ. ಅಷ್ಟಕ್ಕೇ ಮುಗಿಯಲಿಲ್ಲ. ಸಭೆಯನ್ನು 'ಪುಟ್ ಬ್ಯಾಕ್' ಮಾಡಿದರೆ ತಡ. ಗಡಿಯಾರವನ್ನು 'ಪುಟ್ ಬ್ಯಾಕ್' ಮಾಡಿದರೆ ಮುಳ್ಳು ಹಿಂದಿನ ಹೊತ್ತಿಗೆ ಹೋಗುತ್ತದೆ.

'ಮೂವ್ ಫಾರ್ವರ್ಡ್' ಇನ್ನೂ ಅಪಾಯಕಾರಿ, ಏಕೆಂದರೆ ಇಂಗ್ಲಿಷ್ ಮಾತೃಭಾಷೆಯವರಲ್ಲೇ ಒಮ್ಮತವಿಲ್ಲ. ಬುಧವಾರದ ಸಭೆಯನ್ನು ಎರಡು ದಿನ 'ಮೂವ್ಡ್ ಫಾರ್ವರ್ಡ್' ಮಾಡಿದರೆ ಯಾವ ದಿನ ನಡೆಯುತ್ತದೆ ಎಂದು ಮನೋವಿಜ್ಞಾನಿಗಳು ಕೇಳಿ ನೋಡಿದ್ದಾರೆ. ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕೆಲ್ ರಾಮ್‌ಸ್ಕಾರ್ 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆಗತಾನೇ ವಿಮಾನದಲ್ಲಿ ಬಂದಿಳಿದವರು ಶುಕ್ರವಾರ ಎನ್ನುವುದು ಹೆಚ್ಚು ಕಂಡುಬಂತು. ತಾವೇ ಮುಂದೆ ಸಾಗಿಬಂದವರಿಗೆ ಕಾಲದಲ್ಲೂ ತಾವೇ ಮುಂದೆ ಸಾಗುತ್ತಿರುವಂತೆ.

ಆದ್ದರಿಂದ ನೀವು ಬರೆಯುವಾಗ ಯಾವ 'ಫಾರ್ವರ್ಡ್', 'ಬ್ಯಾಕ್' ಸಹವಾಸವೂ ಬೇಡ. ಹಳೆಯ ದಿನಾಂಕ, ಹೊಸ ದಿನಾಂಕ, ಗಂಟೆ, ಮೂರನ್ನೂ ಬರೆಯಿರಿ. ಬಂದ ಇ-ಮೇಲ್ ಅಸ್ಪಷ್ಟವಾಗಿದ್ದರೆ ವಾರದ ಹೆಸರಿಟ್ಟು ಕೇಳಿ.

ಪ್ರಶ್ನೆ: 'ಐ ಲುಕ್ ಫಾರ್ವರ್ಡ್ ಟು ಮೀಟ್ ಯು' ತಪ್ಪೇ? 'ಟು' ಆದಮೇಲೆ ಕ್ರಿಯಾಪದದ ಮೂಲರೂಪ ತಾನೇ ಬರಬೇಕು?

ಉತ್ತರ: ತಪ್ಪು. 'ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು' ಆಗಬೇಕು. 'ಟು' ಎಂಬ ಒಂದೇ ಅಕ್ಷರಗೂಡಿನಲ್ಲಿ ಎರಡು ಪದಗಳು ವಾಸಿಸುತ್ತಿವೆ. 'ವಾಂಟ್ ಟು ಗೋ' ಎಂಬುದರ 'ಟು' ಕ್ರಿಯಾಪದದ ಗುರುತು. 'ಲುಕ್ ಫಾರ್ವರ್ಡ್ ಟು' ಎಂಬುದರ 'ಟು' ಪ್ರಿಪೋಸಿಷನ್, ಅದಾದಮೇಲೆ ನಾಮಪದವೋ 'ಇಂಗ್' ರೂಪವೋ ಬೇಕು. ಪರೀಕ್ಷೆ ಸುಲಭ: ಕ್ರಿಯಾಪದ ತೆಗೆದು 'ಇಟ್' ಹಾಕಿ. 'ಐ ಲುಕ್ ಫಾರ್ವರ್ಡ್ ಟು ಇಟ್' ಸರಿ ಕೇಳಿಸುತ್ತದೆ, ಆದ್ದರಿಂದ 'ಇಂಗ್'. 'ಐ ವಾಂಟ್ ಟು ಇಟ್' ಅಸಂಬದ್ಧ, ಆದ್ದರಿಂದ ಮೂಲರೂಪ. 'ಆಬ್ಜೆಕ್ಟ್ ಟು', 'ಗೆಟ್ ಡೌನ್ ಟು', 'ಬಿ ಯೂಸ್ಡ್ ಟು' ಇವೆಲ್ಲ 'ಇಂಗ್' ಕೇಳುವವು. 'ಐ ಯೂಸ್ಡ್ ಟು ಡ್ರೈವ್' ಎಂದರೆ ಹಿಂದೆ ಓಡಿಸುತ್ತಿದ್ದೆ, 'ಐ ಆ್ಯಮ್ ಯೂಸ್ಡ್ ಟು ಡ್ರೈವಿಂಗ್' ಎಂದರೆ ಓಡಿಸಿ ರೂಢಿಯಾಗಿದೆ. ಒಂದು 'ಆ್ಯಮ್' ಬಂದದ್ದಕ್ಕೆ ಅರ್ಥವೂ ರೂಪವೂ ಬದಲಾಯಿತು.

ಪ್ರಶ್ನೆ: ಮಗಳ ಪ್ರಬಂಧದಲ್ಲಿ 'ಕೋಪ್ ಅಪ್ ವಿತ್', 'ಡಿಸ್ಕಸ್ ಅಬೌಟ್' ಎಂಬಲ್ಲಿ ಕೆಂಪು ಗೆರೆ ಎಳೆದಿದ್ದಾರೆ. ಎಲ್ಲರೂ ಹೀಗೇ ಹೇಳುತ್ತಾರಲ್ಲ?

ಉತ್ತರ: ಹೇಳುತ್ತಾರೆ, ನಿಜ. ಆದರೂ ಕೆಂಪು ಗೆರೆ ನ್ಯಾಯವಾದದ್ದೇ. 'ಕೋಪ್ ವಿತ್' ಸಾಕು. 'ಪುಟ್ ಅಪ್ ವಿತ್', 'ಕೀಪ್ ಅಪ್ ವಿತ್', 'ಕ್ಯಾಚ್ ಅಪ್ ವಿತ್' ಕೇಳಿ ಕೇಳಿ ನಾಲಗೆ ಇಲ್ಲೂ ಒಂದು 'ಅಪ್' ಸೇರಿಸಿಬಿಡುತ್ತದೆ. 'ಡಿಸ್ಕಸ್ ಅಬೌಟ್' ಬಂದಿರುವುದು 'ಟಾಕ್ ಅಬೌಟ್' ನೋಡಿ. ಜೊತೆಗೆ ಕನ್ನಡದ 'ಬಗ್ಗೆ ಚರ್ಚಿಸು' ಎಂಬುದರ ಒತ್ತಾಸೆಯೂ ಇದೆ. 'ಡಿಸ್ಕಸ್' ನೇರವಾಗಿ ಕರ್ಮಪದ ಹಿಡಿಯುತ್ತದೆ. 'ಎಂಫಸೈಜ್ ಆನ್', 'ರಿಕ್ವೆಸ್ಟ್ ಫಾರ್' ಕೂಡ ಇದೇ ಬಗೆಯವು. 'ಎಂಫಸಿಸ್ ಆನ್', 'ಎ ರಿಕ್ವೆಸ್ಟ್ ಫಾರ್' ಎಂದು ನಾಮಪದವಾಗಿದ್ದಾಗ ಪ್ರಿಪೋಸಿಷನ್ ಸರಿ, ಕ್ರಿಯಾಪದವಾದ ಕೂಡಲೇ ಅದು ಬೇಡ. 'ರಿಟರ್ನ್ ಬ್ಯಾಕ್' ಎಂಬಲ್ಲಿ 'ರಿಟರ್ನ್' ಒಳಗೇ ಹಿಂದಕ್ಕೆ ಎಂಬುದು ಇದೆ.

ಪ್ರಶ್ನೆ: 'ಐ ಪಾಸ್ಡ್ ಔಟ್ ಇನ್ 2015' ಎಂದಾಗ ವಿದೇಶಿ ಸಂದರ್ಶಕರು ನಕ್ಕರು. ಏಕೆ?

ಉತ್ತರ: ಅವರಿಗೆ ಕೇಳಿಸಿದ್ದು '2015ರಲ್ಲಿ ಮೂರ್ಛೆ ಹೋದೆ' ಎಂದು. ಪದವಿ ಮುಗಿಸುವ ಅರ್ಥ ಭಾರತೀಯ ಇಂಗ್ಲಿಷಿನಲ್ಲಿ ಚಾಲ್ತಿಯಲ್ಲಿದೆ. ಬ್ರಿಟಿಷರಲ್ಲಿ ಸೇನೆ, ಪೊಲೀಸ್ ತರಬೇತಿ ಮುಗಿಸುವುದಕ್ಕೂ 'ಪಾಸಿಂಗ್ ಔಟ್' ಎನ್ನುತ್ತಾರೆ. ಬೇರೆ ಕಡೆ 'ಗ್ರಾಜುಯೇಟೆಡ್' ಎನ್ನಿ.

ಪ್ರಶ್ನೆ: 'ಪಿಕ್ ಅಪ್' ಎಂಬುದಕ್ಕೆ ನಿಘಂಟಿನಲ್ಲಿ ಒಂದು ಪುಟ ಅರ್ಥ ಇದೆ. ಇಂಥವು ಸಾವಿರಾರು ಇರುವಾಗ ಎಷ್ಟನ್ನು ಕಲಿಯಬೇಕು? ಹೇಗೆ?

ಉತ್ತರ: 'ಪಿಕ್ ಅಪ್' ವಿಷಯದಲ್ಲಿ, ಕ್ರಿಯಾಪದ ಬಿಟ್ಟು ಕರ್ಮಪದ ನೋಡಿ. ಮಗುವನ್ನು ಶಾಲೆಯಿಂದ 'ಪಿಕ್ ಅಪ್' ಮಾಡಿದರೆ ಕರೆತರುವುದು. ಫೋನ್ ಆದರೆ ಎತ್ತುವುದು. ಭಾಷೆಯಾದರೆ ಕೇಳಿ ಕೇಳಿ ಕಲಿಯುವುದು. ಸೋಂಕಾದರೆ ತಗುಲಿಸಿಕೊಳ್ಳುವುದು. ವೇಗವಾದರೆ ಹೆಚ್ಚಿಸಿಕೊಳ್ಳುವುದು. ಬಿಲ್ ಆದರೆ ಖರ್ಚು ಹೊರುವುದು. ಕರ್ಮಪದವೇ ಇಲ್ಲದೆ 'ಸೇಲ್ಸ್ ಹ್ಯಾವ್ ಪಿಕ್ಡ್ ಅಪ್' ಎಂದರೆ ವ್ಯಾಪಾರ ಚೇತರಿಸಿಕೊಂಡಿದೆ. ಒಂದು ಪುಟ ಅರ್ಥ ನೆನಪಿಡುವುದಕ್ಕಿಂತ, ಜೊತೆಗೆ ಬರುವ ನಾಮಪದವನ್ನು ನೆನಪಿಡುವುದು ಸುಲಭ.

ಎಷ್ಟು ಕಲಿಯಬೇಕು ಎಂಬುದಕ್ಕೆ ಒಳ್ಳೆಯ ಲೆಕ್ಕವಿದೆ. ಭಾಷಾ ಸಂಶೋಧಕರಾದ ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವಿಸ್ 2007ರಲ್ಲಿ 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ (ಬರಹ, ಮಾತುಗಳ ಸಂಗ್ರಹ) ಜಾಲಾಡಿ ನೋಡಿದರು. ಅದರಲ್ಲಿನ ಫ್ರೇಸಲ್ ವರ್ಬ್ ಪ್ರಯೋಗಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಕೇವಲ 100 ಫ್ರೇಸಲ್ ವರ್ಬ್‌ಗಳದೇ ಆಗಿತ್ತು. ಮೊದಲ ಸ್ಥಾನ 'ಗೋ ಆನ್'ಗೆ. 2015ರಲ್ಲಿ ಮೆಲೊಡಿ ಗಾರ್ನಿಯೆ ಮತ್ತು ನಾರ್ಬರ್ಟ್ ಶ್ಮಿಟ್ 150 ಫ್ರೇಸಲ್ ವರ್ಬ್‌ಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಖ್ಯ ಅರ್ಥಗಳನ್ನಷ್ಟೇ ಆರಿಸಿದರು. ಸರಾಸರಿ ಒಂದಕ್ಕೆ ಎರಡು ಅರ್ಥ ತಿಳಿದರೆ ಆ ಪದಗಳ ಮುಕ್ಕಾಲು ಪಾಲು ಪ್ರಯೋಗಗಳು ಅರ್ಥವಾಗುತ್ತವೆ ಎಂದು ಅದರಿಂದ ತಿಳಿಯಿತು. ಸಾವಿರಾರು ಎಂಬ ಹೆದರಿಕೆ ಬಿಡಿ. ಮೊದಲು ಈ 300ರ ಆಸುಪಾಸಿನ ಅರ್ಥಗಳು ಸಾಕು.

ಹೇಗೆ ಎಂಬುದರಲ್ಲಿ ಒಂದು ತಪ್ಪನ್ನು ಖಂಡಿತ ಮಾಡಬೇಡಿ. 'ಪುಟ್ ಆಫ್, ಪುಟ್ ಆನ್, ಪುಟ್ ಔಟ್, ಪುಟ್ ಅಪ್, ಪುಟ್ ಅವೇ' ಎಂದು ಒಂದೇ ಕ್ರಿಯಾಪದದವನ್ನು ಒಂದೇ ದಿನ ಕಲಿಯುವುದು ಅತ್ಯಂತ ಕೆಟ್ಟ ವಿಧಾನ. ಹೆಚ್ಚಿನ ಪಠ್ಯಗಳು ಹಾಗೇ ಜೋಡಿಸಿರುತ್ತವೆ ಎಂಬುದು ಬೇರೆ ಮಾತು. ರೂಪ ಒಂದೇ ಥರ ಇರುವುದರಿಂದ ಮರುದಿನ ಯಾವುದು ಯಾವುದಕ್ಕೆ ಎಂದು ಕಲಸುಮೇಲೋಗರವಾಗುತ್ತದೆ. ಬೇರೆ ಬೇರೆ ಕ್ರಿಯಾಪದ, ಒಂದೇ ಸಂದರ್ಭ, ಹೀಗೆ ಕಲಿಯಿರಿ. ಪ್ರಯಾಣ ಎಂದಿಟ್ಟುಕೊಂಡರೆ 'ಸೆಟ್ ಆಫ್', 'ಚೆಕ್ ಇನ್', 'ಗೆಟ್ ಆನ್', 'ಡ್ರಾಪ್ ಆಫ್', 'ಬ್ರೇಕ್ ಡೌನ್'. ವಾರಕ್ಕೆ ಐದಾರು ಸಾಕು. ನೋಟ್‌ಬುಕ್ಕಿನಲ್ಲಿ ಎಡಗಡೆ ಪೂರ್ತಿ ಇಂಗ್ಲಿಷ್ ವಾಕ್ಯ, ಬಲಗಡೆ ಆ ವಾಕ್ಯಕ್ಕೆ ಮಾತ್ರ ಹೊಂದುವ ಕನ್ನಡ. ಒಂದು ದಿನ ಬಿಟ್ಟು ಎಡಭಾಗ ಮುಚ್ಚಿ, ಕನ್ನಡ ನೋಡಿ ಇಂಗ್ಲಿಷ್ ಹೇಳಿ. ಇಂಗ್ಲಿಷ್ ನೋಡಿ ಕನ್ನಡ ಹೇಳುವುದು ಸುಲಭ. ಆದರೆ ಅಷ್ಟರಿಂದ ಓದಲು ಬರುತ್ತದೆಯೇ ಹೊರತು ಮಾತಾಡಲು ಬರುವುದಿಲ್ಲ.

ಪ್ರಶ್ನೆ: ಕನ್ನಡ ನುಡಿಗಟ್ಟುಗಳನ್ನು ಪದಶಃ ಇಂಗ್ಲಿಷಿಗೆ ತಂದರೆ ತಪ್ಪೇನು? 'ಮೊಸಳೆ ಕಣ್ಣೀರು' ಎರಡರಲ್ಲೂ ಇದೆಯಲ್ಲ?

ಉತ್ತರ: ಮೊಸಳೆ ಕಣ್ಣೀರು, ಬಿಳಿಯಾನೆ, ಬೆನ್ನಿಗೆ ಚೂರಿ, ಮೂಗು ತೂರಿಸುವುದು, ಇವು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಈ ಸಲೀಸೇ ಮುಂದೆ ಹಳ್ಳಕ್ಕೆ ಕೆಡವುತ್ತದೆ.

ಉದಾಹರಣೆಗೆ 'ಕೈ ಕೊಡು'. 'ಹೊತ್ತಿಗೆ ಸರಿಯಾಗಿ ಕೈ ಕೊಟ್ಟ' ಎಂದರೆ ನಂಬಿದವರನ್ನು ನಡುನೀರಿನಲ್ಲಿ ಬಿಟ್ಟ ಎಂದು. ಇಂಗ್ಲಿಷಿನ 'ಗಿವ್ ಎ ಹ್ಯಾಂಡ್' ಎಂದರೆ ನೆರವಾಗು. ಒಂದೇ ಕೈ, ತದ್ವಿರುದ್ಧ ಕೆಲಸ. ಕನ್ನಡದ ಕೈ ಕೊಡುವುದಕ್ಕೆ ಇಂಗ್ಲಿಷಿನಲ್ಲಿ 'ಲೆಟ್ ಡೌನ್' ಇದೆ. ವೇದಿಕೆಯಲ್ಲಿ ನಿಂತವರು 'ಗಿವ್ ದೆಮ್ ಎ ಬಿಗ್ ಹ್ಯಾಂಡ್' ಎಂದರೆ ಎದ್ದುಹೋಗಿ ಸಹಾಯ ಮಾಡಬೇಕಿಲ್ಲ, ಚಪ್ಪಾಳೆ ತಟ್ಟಿದರಾಯಿತು.

'ಹೊಟ್ಟೆಕಿಚ್ಚು' ನಮಗೆ ಅಸೂಯೆ. 'ಫೈರ್ ಇನ್ ದ ಬೆಲ್ಲಿ' ಅವರಿಗೆ ಸಾಧಿಸುವ ಛಲ, ಹೊಗಳಿಕೆಯ ಮಾತು. ಆಟಗಾರನೊಬ್ಬನಿಗೆ ಅದು ಇದೆ ಎಂದು ವೀಕ್ಷಕ ವಿವರಣೆಯಲ್ಲಿ ಕೇಳಿದರೆ ಅವನನ್ನು ತೆಗಳಿದರೆಂದು ತಿಳಿಯಬೇಡಿ. 'ತಲೆ ತಿನ್ನಬೇಡ' ಎಂಬುದರ ಹತ್ತಿರ ಕಾಣುವ 'ಬೈಟ್ ಸಮ್‌ಒನ್ಸ್ ಹೆಡ್ ಆಫ್' ಎಂದರೆ ಪೀಡಿಸುವುದಲ್ಲ, ಸಣ್ಣ ಮಾತಿಗೆ ಉರಿದುಬೀಳುವುದು. 'ಪುಲ್ ಸಮ್‌ಒನ್ಸ್ ಲೆಗ್' ಬರೀ ತಮಾಷೆ. ಕನ್ನಡದ 'ಕಾಲೆಳೆಯುವುದು' ತಮಾಷೆಯೂ ಹೌದು, ಮೇಲೇರುವವನನ್ನು ಕೆಳಗೆಳೆಯುವುದೂ ಹೌದು. ಈ ಎರಡನೆಯ ಅರ್ಥದಲ್ಲಿ ಇಂಗ್ಲಿಷಿನದನ್ನು ಬಳಸಿದರೆ ನಿಮ್ಮ ದೂರು ನಗೆಹನಿಯಾಗುತ್ತದೆ. ಕಣ್ಣಿನಲ್ಲೂ ಎಚ್ಚರ ಬೇಕು: 'ಕೀಪ್ ಆ್ಯನ್ ಐ ಆನ್' ಎಂದರೆ ನಿಗಾ ಇಡು, 'ಹ್ಯಾವ್ ಯುವರ್ ಐ ಆನ್' ಎಂದರೆ ಬೇಕೆಂದು ಕಣ್ಣು ಹಾಕು.

ಉಪಾಯ ಒಂದೇ. ಪದಕ್ಕೆ ಪದ ಹುಡುಕಬೇಡಿ, ಸನ್ನಿವೇಶಕ್ಕೆ ನುಡಿಗಟ್ಟು ಹುಡುಕಿ. 'ಟರ್ನ್ ಎ ಡೆಫ್ ಇಯರ್' ಎಂಬುದಕ್ಕೆ 'ಕಿವುಡು ಕಿವಿ ತಿರುಗಿಸು' ಎಂದರೆ ಕನ್ನಡವೇ ಅಲ್ಲ. 'ಜಾಣಕಿವುಡು' ಎಂಬ ಸೊಗಸಾದ ಮಾತು ನಮ್ಮಲ್ಲೇ ಇದೆ.

ಪ್ರಶ್ನೆ: 'ಹಿ ಕಿಕ್ಡ್ ದ ಬಕೆಟ್' ವಾಕ್ಯವನ್ನು ಕರ್ಮಣಿ ಪ್ರಯೋಗಕ್ಕೆ ಬದಲಿಸಿದರೆ ಏನಾಗುತ್ತದೆ?

ಉತ್ತರ: 'ದ ಬಕೆಟ್ ವಾಸ್ ಕಿಕ್ಡ್' ಎಂದ ಕೂಡಲೇ ಸತ್ತವನು ಎದ್ದು ಕೂರುತ್ತಾನೆ, ಉಳಿಯುವುದು ನಿಜವಾದ ಬಕೆಟ್ಟು, ನಿಜವಾದ ಒದೆ. ಅದೇ 'ಸ್ಪಿಲ್ ದ ಬೀನ್ಸ್' (ಗುಟ್ಟು ಬಯಲು ಮಾಡು) ಎಂಬುದನ್ನು 'ದ ಬೀನ್ಸ್ ವರ್ ಸ್ಪಿಲ್ಡ್' ಎಂದರೆ ಅರ್ಥ ಕೆಡುವುದಿಲ್ಲ. ಅಲ್ಲಿ ಬೀನ್ಸ್ ಎಂದರೆ ಗುಟ್ಟು, ಚೆಲ್ಲುವುದೆಂದರೆ ಬಯಲು ಮಾಡುವುದು, ಹೀಗೆ ಭಾಗಭಾಗಕ್ಕೂ ಅರ್ಥ ಹಂಚಬಹುದು. ಬಕೆಟ್ಟಿಗೆ ಪ್ರತ್ಯೇಕ ಅರ್ಥವಿಲ್ಲ, ಇಡೀ ಮಾತು ಒಂದೇ ಮುದ್ದೆ. ಅರ್ಥ ಹಂಚಿಕೆಯಾಗುವ ನುಡಿಗಟ್ಟುಗಳೇ ಸಾಮಾನ್ಯವಾಗಿ ಬದಲಾವಣೆ ತಾಳಿಕೊಳ್ಳುತ್ತವೆ. ಕಾಲ ಮಾತ್ರ ಎಲ್ಲದರಲ್ಲೂ ಬದಲಾಗುತ್ತದೆ. 'ದ' ತೆಗೆದು 'ಎ' ಹಾಕಬೇಡಿ, ಏಕವಚನವನ್ನು ಬಹುವಚನ ಮಾಡಬೇಡಿ. ಅಂದಹಾಗೆ 'ಕಿಕ್ ದ ಬಕೆಟ್' ನಮ್ಮ 'ಗೊಟಕ್ ಅಂದ' ಎನ್ನುವ ಮಟ್ಟದ ಮಾತು. ಸಂತಾಪ ಸೂಚಿಸುವಾಗ 'ಪಾಸ್ ಅವೇ' ಬಳಸಿ.

ಪ್ರಶ್ನೆ: 'ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್' ಹುಟ್ಟಿದ್ದು ಹುಲ್ಲಿನ ಮಾಡಿನಿಂದ ನಾಯಿ ಬೆಕ್ಕುಗಳು ಜಾರಿ ಬೀಳುತ್ತಿದ್ದುದರಿಂದ ಎಂದು ವಾಟ್ಸಾಪಿನಲ್ಲಿ ಓದಿದೆ. ನಿಜವೇ?

ಉತ್ತರ: ಕಟ್ಟುಕತೆ. ಜೋನಾಥನ್ ಸ್ವಿಫ್ಟ್ 1738ರಲ್ಲಿ ಈ ಮಾತನ್ನು ಬಳಸಿದ್ದು ದಾಖಲಾಗಿದೆ, ಆದರೆ ಮೂಲ ಖಚಿತವಾಗಿ ಯಾರಿಗೂ ಗೊತ್ತಿಲ್ಲ. ನುಡಿಗಟ್ಟಿನ ಹಿಂದಿನ ಕತೆ ಎಷ್ಟು ಚಂದವಿದೆಯೋ ಅಷ್ಟು ಅನುಮಾನಿಸಿ. ಇಂದಿನ ಮಾತಿನಲ್ಲಿ ಇದು ಹಳತಾಗಿದೆ ಕೂಡ. ಜೋರು ಮಳೆಗೆ 'ಇಟ್ಸ್ ಪೋರಿಂಗ್' ಎನ್ನುವುದೇ ಸಹಜ.

ಪ್ರಶ್ನೆ: ಬರವಣಿಗೆಯಲ್ಲಿ ಫ್ರೇಸಲ್ ವರ್ಬ್ ಬಳಸಲೇಬಾರದು ಎನ್ನುತ್ತಾರೆ ನಮ್ಮ ಉಪನ್ಯಾಸಕರು. ಐಇಎಲ್‌ಟಿಎಸ್ (ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆ) ತರಬೇತಿಯಲ್ಲಿ ಮಾತ್ರ ನುಡಿಗಟ್ಟು ತುಂಬಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಅತಿಯಾಯಿತು.

ಔಪಚಾರಿಕ ಬರಹದಲ್ಲಿ ಲ್ಯಾಟಿನ್ ಮೂಲದ ಒಂಟಿ ಪದಗಳಿಗೆ ಒಲವು ಇರುವುದು ನಿಜ. 'ಪುಟ್ ಆಫ್' ಬದಲು 'ಪೋಸ್ಟ್‌ಪೋನ್', 'ಪುಟ್ ಅಪ್ ವಿತ್' ಬದಲು 'ಟಾಲರೇಟ್', 'ಲುಕ್ ಇಂಟು' ಬದಲು 'ಇನ್ವೆಸ್ಟಿಗೇಟ್'. ಆದರೆ 'ಕ್ಯಾರಿ ಔಟ್', 'ಪಾಯಿಂಟ್ ಔಟ್', 'ಸೆಟ್ ಅಪ್' ಸಂಶೋಧನಾ ಪ್ರಬಂಧಗಳಲ್ಲೂ ಧಾರಾಳವಾಗಿವೆ. ಜೊತೆಗೆ ಒಂಟಿ ಪದ ಎಲ್ಲ ಕಡೆ ಸಮನಾಗಿ ಕೂರುವುದಿಲ್ಲ. ಬೆಂಕಿಯನ್ನು 'ಪುಟ್ ಔಟ್' ಮಾಡುವುದಕ್ಕೆ 'ಎಕ್ಸ್‌ಟಿಂಗ್ವಿಶ್' ಸರಿ. ಸಿಗರೇಟು 'ಗಿವ್ ಅಪ್' ಮಾಡಿದೆ ಎನ್ನುವ ಕಡೆ 'ಅಬ್ಯಾಂಡನ್' ಹಾಕಿದರೆ ಸಿಗರೇಟನ್ನು ಅನಾಥವಾಗಿ ಬಿಟ್ಟುಬಂದ ಹಾಗಾಗುತ್ತದೆ. ನಿಘಂಟಿನಲ್ಲಿ 'ಇನ್‌ಫಾರ್ಮಲ್' ಎಂಬ ಗುರುತು ಇದ್ದರೆ ಮಾತ್ರ ಔಪಚಾರಿಕ ಬರಹದಿಂದ ಹೊರಗಿಡಿ.

ಇನ್ನು ಐಇಎಲ್‌ಟಿಎಸ್. ಮಾತಿನ ಪರೀಕ್ಷೆಯಲ್ಲಿ 7ನೇ ಬ್ಯಾಂಡಿನ (ಅಂಕದ ಮಟ್ಟದ) ಪದಸಂಪತ್ತಿನ ವಿವರಣೆಯಲ್ಲಿ 'ಇಡಿಯೊಮ್ಯಾಟಿಕ್' ಎಂಬ ಪದ ಬರುತ್ತದೆ. ಅದನ್ನು ಓದಿ ಎಲ್ಲರೂ 'ಪೀಸ್ ಆಫ್ ಕೇಕ್', 'ಒನ್ಸ್ ಇನ್ ಎ ಬ್ಲೂ ಮೂನ್' ಉರು ಹೊಡೆಯಲು ಕೂರುತ್ತಾರೆ. 'ಇಡಿಯೊಮ್ಯಾಟಿಕ್' ಎಂದರೆ ಆ ಭಾಷೆಯವರು ಸಹಜವಾಗಿ ಹೇಳುವ ರೀತಿ. ಫ್ರೇಸಲ್ ವರ್ಬ್‌ಗಳು, ಜೊತೆಜೊತೆಗೆ ಬರುವ ಪದಜೋಡಿಗಳು ಎಲ್ಲ ಅದರಲ್ಲಿ ಸೇರುತ್ತವೆ. 'ಐ ಗ್ರೂ ಅಪ್ ಇನ್...', 'ಇಟ್ ಟರ್ನ್ಡ್ ಔಟ್ ದಟ್...', 'ಐ ಎಂಡೆಡ್ ಅಪ್ ಸ್ಟಡಿಯಿಂಗ್...' ಇವು ತಾವಾಗಿ ಬಾಯಿಗೆ ಬಂದರೆ, ಎರಡು ನಿಮಿಷದಲ್ಲಿ ತುರುಕಿದ ನಾಲ್ಕು ನುಡಿಗಟ್ಟಿಗಿಂತ ಹೆಚ್ಚು ತೂಕ. ತುರುಕಿದ್ದು ಪರೀಕ್ಷಕರಿಗೆ ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಅದರ ಅಕ್ಕಪಕ್ಕದ ವಾಕ್ಯಗಳು ಅದಕ್ಕೆ ಹೊಂದುವುದಿಲ್ಲ. ಬರವಣಿಗೆ ಪರೀಕ್ಷೆಯ ಟಾಸ್ಕ್ 2ರ ಪ್ರಬಂಧದಲ್ಲಂತೂ ಆಡುಮಾತಿನ ನುಡಿಗಟ್ಟು ಬೇಡವೇ ಬೇಡ.

ಪ್ರಶ್ನೆ: 'ಲಾಗಿನ್' ಒಂದೇ ಪದವೋ ಎರಡೋ? 'ಐ ಲಾಗಿನ್ಡ್' ಎನ್ನಬಹುದೇ?

ಉತ್ತರ: ಕ್ರಿಯಾಪದವಾದರೆ 'ಲಾಗ್ ಇನ್' ಎಂದು ಎರಡು ಪದ, ನಾಮಪದವಾದರೆ ಒಂದೇ. ಭೂತಕಾಲದ ಪ್ರತ್ಯಯ ಕ್ರಿಯಾಪದಕ್ಕೇ ಸೇರಬೇಕು, ಆದ್ದರಿಂದ 'ಐ ಲಾಗ್ಡ್ ಇನ್'. 'ಬ್ಯಾಕ್ ಅಪ್', 'ಸೆಟ್ ಅಪ್', 'ಚೆಕ್ ಔಟ್', 'ಬ್ರೇಕ್ ಡೌನ್' ಎಲ್ಲಕ್ಕೂ ಇದೇ ನಿಯಮ. ಉಚ್ಚಾರಣೆಯಲ್ಲೂ ಭೇದವಿದೆ: ನಾಮಪದದಲ್ಲಿ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದದಲ್ಲಿ ಕೊನೆಯ ಪುಟ್ಟ ಪದಕ್ಕೆ. ಕಂಪ್ಯೂಟರ್ ಪರದೆಯ ಗುಂಡಿಗಳ ಮೇಲೆ ಕೆಲವೊಮ್ಮೆ ಕ್ರಿಯೆಯ ಜಾಗದಲ್ಲೂ ಒಂದೇ ಪದವಾಗಿ ಅಚ್ಚಾಗಿರುತ್ತದೆ; ಅದನ್ನು ನೋಡಿ ಬರೆಯಬೇಡಿ.